ಕಾಣದ ಹಕ್ಕಿಯ ಲೆಕ್ಕ: ಮೈಸೂರಿನ ಸುತ್ತಣ ಕಾಡುಗಳಲ್ಲಿ ಗುಲಾಬಿಚಟಕದ ಶೋಧ

ಮೈಸೂರು ನಗರದಲ್ಲಿ ಪಕ್ಷಿವೀಕ್ಷಣೆಯನ್ನು ಆರಂಭಿಸುವ ವಿದ್ಯಾರ್ಥಿಗೆ ಕೆರೆಗಳೇ ಮೊದಲ ಪಾಠಶಾಲೆ. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಕೆರೆಗಳ ಏರಿಯ ಮೇಲೆ ನಿಂತು ದುರ್ಬೀನನ್ನು ಒಮ್ಮೆ ಸುತ್ತ ತಿರುಗಿಸಿದರೆ ಬೆಳ್ಳಕ್ಕಿ, ನೀರುಕಾಗೆ, ಹೆಜ್ಜಾರ್ಲೆಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನೀರಿನ ಬಯಲಿನಲ್ಲಿ ದೊಡ್ಡ ಹಕ್ಕಿಗಳಿಗೆ ಅಡಗಲು ಅವಕಾಶ ಕಡಮೆ. ಆದಕಾರಣ ‘ಈ ದಿನ ಕೆರೆಯಲ್ಲಿ ಹೆಜ್ಜಾರ್ಲೆ ಇಲ್ಲ’ ಎಂದು ವಿದ್ಯಾರ್ಥಿಯೊಬ್ಬನು ಬರೆದರೆ ಆ ಮಾತನ್ನು ಬಹುಮಟ್ಟಿಗೆ ನಂಬಬಹುದು. ಕಾಡಿನ ಹಕ್ಕಿಗಳ ವಿಚಾರ ಹಾಗಲ್ಲ. ಪೊದೆಯೊಳಗೆ ಸದ್ದಿಲ್ಲದೆ ಕಾಳು ಮೇಯುವ ಒಂದು ಸಣ್ಣ ಹಕ್ಕಿ ಹತ್ತು ಮಾರು ದೂರದಲ್ಲಿದ್ದರೂ ನೋಡುವವನಿಗೆ ತಿಳಿಯದೆ ಹೋಗಬಹುದು. ಅಲ್ಲಿ ‘ಕಾಣಲಿಲ್ಲ’ ಎಂಬುದು ನೋಡಿದವನ ಸಂಗತಿ. ‘ಇಲ್ಲ’ ಎಂಬುದು ಕಾಡಿನ ಸಂಗತಿ. ಇವೆರಡರ ನಡುವಣ ಅಂತರವನ್ನು ತಿಳಿಯದೆ ಮಾಡಿದ ಪಟ್ಟಿಗಳಿಂದ ಶಾಸ್ತ್ರಕ್ಕೆ ದೊರೆಯುವ ಪ್ರಯೋಜನ ಅಲ್ಪ. ನಮ್ಮ ಕಾಡುಗಳಿಗೆ ಚಳಿಗಾಲದಲ್ಲಿ ಬರುವ ಒಂದು ಫಿಂಚ್ ಹಕ್ಕಿಯನ್ನು ಉದಾಹರಣೆಯಾಗಿಟ್ಟುಕೊಂಡು, ಅದನ್ನು ಹುಡುಕುವ ಬಗೆಯನ್ನೂ, ಹುಡುಕಿದರೂ ಕಾಣದಿದ್ದಾಗ ಅದನ್ನು ದಾಖಲಿಸುವ ಬಗೆಯನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಹಕ್ಕಿಯ ಪರಿಚಯ

‘ಫಿಂಚ್’ ಎಂಬ ಹೆಸರನ್ನು ಬಳಕೆಯಲ್ಲಿ ಬಹಳ ಸಡಿಲವಾಗಿ ಉಪಯೋಗಿಸುತ್ತಾರೆ. ಗಿಡ್ಡ, ದಪ್ಪ ಕೊಕ್ಕಿನಿಂದ ಕಾಳು ಒಡೆದು ತಿನ್ನುವ ಸಣ್ಣ ಹಕ್ಕಿಗಳೆಲ್ಲವೂ ಆ ಹೆಸರಿಗೆ ಗುರಿಯಾಗಿವೆ. ವರ್ಗೀಕರಣದ ದೃಷ್ಟಿಯಿಂದ ನಮ್ಮ ಗುಬ್ಬಿ, ಗೀಜಗ, ರಾಟವಾಳಗಳು ಮೂರು ಬೇರೆ ಬೇರೆ ಕುಟುಂಬಗಳಿಗೆ ಸೇರಿದವು. ಒಂದೇ ಬಗೆಯ ಆಹಾರಕ್ಕೆ ಹೊಂದಿಕೊಂಡುದರಿಂದ ಅವುಗಳ ಕೊಕ್ಕುಗಳು ಹೋಲುತ್ತವೆಯೇ ಹೊರತು ಹತ್ತಿರದ ನಂಟಿನಿಂದಲ್ಲ. ನಿಜವಾದ ಫಿಂಚುಗಳ ಕುಟುಂಬವಾದ ಫ್ರಿಂಜಿಲಿಡೆಯ ಪ್ರಭೇದಗಳು ಹಿಮಾಲಯದಲ್ಲಿ ಹಲವಾರಿವೆ. ಮೈಸೂರು ಸೀಮೆಯ ಕಾಡುಗಳಿಗೆ ವರ್ಷವರ್ಷವೂ ಬರುವುದು ಅವುಗಳಲ್ಲಿ ಒಂದೇ: ಇಂಗ್ಲಿಷಿನಲ್ಲಿ ‘ಕಾಮನ್ ರೋಸ್‌ಫಿಂಚ್’ ಎಂದೂ, ಉತ್ತರ ಭಾರತದಲ್ಲಿ ‘ತೂತಿ’ ಎಂದೂ ಕರೆಯಲಾಗುವ ಹಕ್ಕಿ. ಲೇಖನದ ಸೌಕರ್ಯಕ್ಕಾಗಿ ಇದನ್ನು ಗುಲಾಬಿಚಟಕವೆಂದು ಕರೆಯೋಣ.

1770ರಲ್ಲಿ ಪೀಟರ್ ಸೈಮನ್ ಪಲ್ಲಾಸ್ ಎಂಬ ವಿಜ್ಞಾನಿ ಈ ಹಕ್ಕಿಯನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಇದರ ಈಗಿನ ಶಾಸ್ತ್ರೀಯ ನಾಮ ಕಾರ್ಪೊಡೇಕಸ್ ಎರಿತ್ರಿನಸ್. ಗ್ರೀಕ್ ಮೂಲದ ಮೊದಲ ಪದಕ್ಕೆ ‘ಹಣ್ಣು ಕಚ್ಚುವುದು’ ಎಂದರ್ಥ. ಎರಡನೆಯದು ಕೆಂಪುಬಣ್ಣವನ್ನು ಸೂಚಿಸುತ್ತದೆ. ಹಕ್ಕಿಯ ಉದ್ದ ಸುಮಾರು 15 ಸೆಂಟಿಮೀಟರ್, ಅಂದರೆ ಹೆಚ್ಚುಕಡಮೆ ಮನೆಗುಬ್ಬಿಯಷ್ಟು. ಪೂರ್ವ ಯೂರೋಪಿನಿಂದ ಸೈಬೀರಿಯದವರೆಗೂ, ಹಿಮಾಲಯದ ಎತ್ತರದ ಇಳುಕಲುಗಳಲ್ಲಿಯೂ ಇದು ಗೂಡು ಕಟ್ಟುತ್ತದೆ. ಯೂರೋಪಿನ ಸಣ್ಣ ವಲಸೆ ಹಕ್ಕಿಗಳಲ್ಲಿ ಬಹುಪಾಲು ಚಳಿಗಾಲಕ್ಕೆ ದಕ್ಷಿಣದ ಕಡೆಗೆ, ಅದರಲ್ಲಿಯೂ ಆಫ್ರಿಕದತ್ತ ಸಾಗುತ್ತವೆ. ಗುಲಾಬಿಚಟಕವಾದರೋ ಫಿನ್‌ಲೆಂಡಿನಂತಹ ದೂರದ ದೇಶದಿಂದಲೂ ಪೂರ್ವಕ್ಕೆ ತಿರುಗಿ ದಕ್ಷಿಣ ಏಷ್ಯದ ಕಡೆಗೆ ಬರುತ್ತದೆ. ದಕ್ಷಿಣ ಕರ್ನಾಟಕದ ಬೆಟ್ಟ ಕಾಡುಗಳಲ್ಲಿ ಇದನ್ನು ಅರಸಲು ನವೆಂಬರಿನಿಂದ ಮಾರ್ಚಿಯವರೆಗಿನ ತಿಂಗಳುಗಳು ಪ್ರಶಸ್ತವಾದವು.

ಏಕೆ ಕಾಣುವುದಿಲ್ಲ?

ಪುಸ್ತಕದ ಚಿತ್ರದಲ್ಲಿ ಎದ್ದು ಕಾಣುವ ಹಕ್ಕಿ ಕಾಡಿನಲ್ಲಿ ಮರೆಯಾಗುವುದಕ್ಕೆ ಹಲವು ಕಾರಣಗಳಿವೆ. ಮೊದಲನೆಯದು ಬಣ್ಣ. ತಲೆ, ಎದೆ, ಸೊಂಟಗಳಲ್ಲಿ ಕೆಂಪು ತುಂಬಿದ ಗಂಡನ್ನೇ ನೆನೆದು ಹೊರಟ ವಿದ್ಯಾರ್ಥಿ ನಿರಾಶನಾಗುವುದು ಸಹಜ. ಹೆಣ್ಣು ಮಾಸಲು ಕಂದು ಬಣ್ಣದ್ದು. ಎದೆಯ ಮೇಲೆ ಗೀರುಗಳಿರುತ್ತವೆ. ಎಳೆಯ ಗಂಡುಗಳೂ ಮೊದಲ ಚಳಿಗಾಲದಲ್ಲಿ ಹೆಣ್ಣಿನಂತೆಯೇ ಇರುತ್ತವೆ. ಅಷ್ಟೇ ಅಲ್ಲದೆ, ಮರುವರ್ಷದ ಬೇಸಗೆಯಲ್ಲಿ ಈ ಗಂಡುಗಳು ಕಂದು ಗರಿಗಳಲ್ಲಿಯೇ ಹಾಡಿ ಸಂಗಾತಿಯನ್ನು ಅರಸುವುದೂ ಉಂಟು. ಆದುದರಿಂದ ಗುಂಪಿನಲ್ಲಿ ಕಂದು ಹಕ್ಕಿಗಳೇ ಹೆಚ್ಚು. ಅವೆಲ್ಲವನ್ನೂ ‘ಹೆಣ್ಣು’ ಎಂದು ಬರೆಯದೆ ‘ಕಂದು ಬಣ್ಣದವು’ ಎಂದು ಬರೆಯತಕ್ಕದ್ದು.

ಎರಡನೆಯ ಕಾರಣ ಮೇಯುವ ರೀತಿ. ಪಿಕಳಾರ ಹಣ್ಣನ್ನು ನುಂಗಿ, ಮತ್ತೊಂದು ಕೊಂಬೆಗೆ ಹಾರಿ, ಗದ್ದಲವೆಬ್ಬಿಸುತ್ತದೆ. ಗುಲಾಬಿಚಟಕ ಹಣ್ಣಿನೊಳಗಣ ಬೀಜದ ಮೇಲೆ ಕಣ್ಣಿಟ್ಟ ಹಕ್ಕಿ. ಬೀಜವನ್ನು ಕೊಕ್ಕಿನ ಅಂಚಿನಲ್ಲಿ ಸಿಕ್ಕಿಸಿ, ಕೆಳದವಡೆಯಿಂದ ಒತ್ತಿ, ನಾಲಗೆಯಿಂದ ಹೊರಳಿಸಿ, ಸಿಪ್ಪೆಯನ್ನು ಉದುರಿಸಿ ತಿರುಳನ್ನು ಮಾತ್ರ ನುಂಗುತ್ತದೆ. ಈ ಕಾರ್ಯಕ್ಕೆ ಕಾಲ ಹಿಡಿಯುತ್ತದೆ, ಓಡಾಟ ಬೇಕಿಲ್ಲ. ಆದ್ದರಿಂದ ಅದು ಒಂದೇ ಪೊದೆಯಲ್ಲಿ ಬಹಳ ಹೊತ್ತು ಅಲುಗದೆ ಕುಳಿತಿರಬಲ್ಲದು. ಪಿಕಳಾರ ಬೀಜವನ್ನು ಬಿತ್ತುವ ಹಕ್ಕಿಯಾದರೆ ಗುಲಾಬಿಚಟಕ ಬೀಜವನ್ನು ಮುಗಿಸುವ ಹಕ್ಕಿ.

ಮೂರನೆಯ ಕಾರಣ ಅಲೆದಾಟ. ಬೀಜ ದೊರೆಯುವಲ್ಲಿಗೆ ಈ ಹಕ್ಕಿ ಹೋಗುತ್ತದೆ. ಬೀಜ ತೀರಿದೊಡನೆ ಸ್ಥಳ ಬಿಡುತ್ತದೆ. ಹೋದ ವರ್ಷ ಕಂಡ ಪೊದೆಯಲ್ಲಿ ಈ ವರ್ಷ ಕಾಣಲೇಬೇಕೆಂಬ ನಿಯಮವಿಲ್ಲ. ನಾಲ್ಕನೆಯದಾಗಿ, ಕಂಡರೂ ಬೇರೆ ಹಕ್ಕಿಯೆಂದು ಭಾವಿಸಿ ಕೈಬಿಡುವ ಸಂಭವ ಉಂಟು. ಅದನ್ನು ಮುಂದೆ ವಿವೇಚಿಸಲಾಗಿದೆ.

ಬಣ್ಣದ ಸಂಬಂಧದಲ್ಲಿ ಇನ್ನೊಂದು ಸಂಗತಿ ಗಮನಾರ್ಹವಾದುದು. ಗಂಡಿನ ಕೆಂಪು ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯಗಳಿಂದ ಆದುದು. ಹಕ್ಕಿಯ ದೇಹ ಈ ದ್ರವ್ಯಗಳನ್ನು ಮೂಲತಃ ತಯಾರಿಸಲಾರದು. ಆಹಾರದಿಂದಲೇ ಪಡೆದು ಮಾರ್ಪಡಿಸಿಕೊಳ್ಳಬೇಕು. ವಲಸೆ ಹೋಗುವ ಅನೇಕ ಹಕ್ಕಿಗಳು ಹೊರಡುವ ಮುನ್ನ ಗರಿ ಬದಲಿಸಿದರೆ, ಗುಲಾಬಿಚಟಕ ಬಹುಮಟ್ಟಿಗೆ ಚಳಿಗಾಲದ ನೆಲೆಗಳನ್ನು ಸೇರಿದ ಮೇಲೆಯೇ ಗರಿ ಬದಲಿಸುತ್ತದೆ. ಹೊಸ ಗರಿಯ ಅಂಚು ಮಾಸಲಾಗಿರುವುದರಿಂದ ಚಳಿಗಾಲದ ಆದಿಯಲ್ಲಿ ಕೆಂಪು ಮಂಕಾಗಿರುತ್ತದೆ. ಅಂಚು ಸವೆದಂತೆ ಒಳಗಣ ಬಣ್ಣ ಹೊರಬಿದ್ದು, ಮಾರ್ಚಿ ತಿಂಗಳಿನಲ್ಲಿ ಅದೇ ಹಕ್ಕಿ ಹೆಚ್ಚು ಕೆಂಪಾಗಿ ಕಾಣುತ್ತದೆ. ಹಿಮಾಲಯದ ಬೇಸಗೆಯಲ್ಲಿ ಗಂಡು ತೊಟ್ಟು ಮೆರೆಯುವ ಕೆಂಪಿಗೆ ಬೇಕಾದ ಸಾಮಗ್ರಿ ಚಳಿಗಾಲದ ನೆಲೆಯ ಹಣ್ಣು ಕಾಳುಗಳಿಂದ ಒದಗುತ್ತದೆಂಬುದನ್ನು ನೆನೆದರೆ, ಈ ಅತಿಥಿಯ ಆಹಾರದ ವಿಚಾರ ನಮಗೆ ಕೇವಲ ಕುತೂಹಲದ್ದಲ್ಲವೆಂಬುದು ವಿದಿತವಾಗುತ್ತದೆ.

ಎಲ್ಲಿ ಹುಡುಕಬೇಕು?

ಹಕ್ಕಿಯನ್ನು ಹುಡುಕುವ ಬದಲು ಅದರ ಊಟವನ್ನು ಹುಡುಕುವುದು ಲೇಸು. ಬಿದಿರಿನ ಬೀಜ, ಲಂಟಾನದ ಹಣ್ಣು, ಆಲ ಅರಳಿ ಮುಂತಾದ ಮರಗಳ ಹಣ್ಣು, ಹುಲ್ಲು ಗಿಡಗಳ ಕಾಳು, ಹೂಮೊಗ್ಗು ಇವು ಅದರ ಮುಖ್ಯ ಆಹಾರ. ನಮ್ಮ ಕಾಡುಗಳ ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಹಿಂಡುಹಿಂಡಾಗಿ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿದು, ಒಣಗಿ ಸಾಯುತ್ತದೆ. 2010ರ ಆಸುಪಾಸಿನ ವರ್ಷಗಳಲ್ಲಿ ನಾಗರಹೊಳೆ, ವಯನಾಡು ಕಡೆಯ ಕಾಡುಗಳಲ್ಲಿ ಇಂತಹ ಹೂಬಿಡುವಿಕೆ ನಡೆಯಿತು. ಕಾಳು ತಿನ್ನುವ ಹಕ್ಕಿಗಳಿಗೆ ಅದು ಸುಗ್ಗಿ. ಆದರೆ ಅಂತಹ ಸುಗ್ಗಿಯನ್ನು ನೋಡುವ ಅವಕಾಶ ಒಬ್ಬ ಅಧ್ಯಾಪಕನ ವೃತ್ತಿಜೀವನದಲ್ಲಿ ಒಮ್ಮೆ ಒದಗಿದರೆ ಹೆಚ್ಚು.

ಲಂಟಾನ ವರ್ಷವರ್ಷವೂ ದೊರೆಯುವ ಆಸರೆ. ಅಮೆರಿಕದ ಉಷ್ಣವಲಯಕ್ಕೆ ಸೇರಿದ ಈ ಪೊದೆ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದು, ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ ಮೊದಲಾದೆಡೆ ಕಾಡಿನ ತಳವನ್ನು ವ್ಯಾಪಿಸಿದೆ. ನಾಡ ಹುಲ್ಲು, ಸಸಿಗಳನ್ನು ಇದು ಅದುಮುತ್ತದೆಂಬುದರಿಂದ ಇದನ್ನು ಕೀಳುವ ಕಾರ್ಯವೂ ನಡೆಯುತ್ತಿದೆ. ಕೀಳುವುದು ಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಿತ್ತ ಜಾಗದಲ್ಲಿ ಮತ್ತೇನು ಬೆಳೆಯಿತು, ಲಂಟಾನವನ್ನು ನಂಬಿದ್ದ ಹಕ್ಕಿಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಕೀಳುವುದಕ್ಕೆ ಮೊದಲಿನ ಲೆಕ್ಕ ಇರಬೇಕು. ಆ ಲೆಕ್ಕದಲ್ಲಿ ‘ಕಾಣಲಿಲ್ಲ’ ಎಂಬುದಕ್ಕೂ ನಿಶ್ಚಿತವಾದ ಅರ್ಥವಿರಬೇಕು.

ನಗರದಲ್ಲಿದ್ದುಕೊಂಡೇ ಅಭ್ಯಾಸ ಮಾಡಬಯಸುವವರಿಗೆ ಚಾಮುಂಡಿಬೆಟ್ಟದ ಕುರುಚಲು ಕಾಡು, ಕುಕ್ಕರಹಳ್ಳಿ ಕೆರೆಯ ದಂಡೆಯ ಮರಗಳು, ಮಾನಸಗಂಗೋತ್ರಿಯ ಆವರಣ ಇವು ತಕ್ಕ ಸ್ಥಳಗಳು. ಬಂಡೀಪುರ, ನಾಗರಹೊಳೆಗಳು ಹುಲಿ ಸಂರಕ್ಷಿತ ಪ್ರದೇಶಗಳು; 2011ರಿಂದ ಬಿಳಿಗಿರಿರಂಗನ ಬೆಟ್ಟವೂ ಅಷ್ಟೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲ್ನಡಿಗೆಯಲ್ಲಿ ತಿರುಗಾಡತಕ್ಕದ್ದಲ್ಲ. ಚಾಮುಂಡಿಬೆಟ್ಟದಲ್ಲಿಯೂ ಚಿರತೆಗಳಿರುವುದರಿಂದ ಒಬ್ಬೊಬ್ಬರೇ ಪೊದೆಗಳ ನಡುವೆ ನುಗ್ಗುವುದು ಉಚಿತವಲ್ಲ.

ಹೇಗೆ ನೋಡಬೇಕು?

ಸೂರ್ಯೋದಯದಿಂದ ಸುಮಾರು ಒಂಬತ್ತು ಗಂಟೆಯವರೆಗಿನ ಕಾಲ ಉತ್ತಮ. ನಡೆಯುತ್ತ ಹುಡುಕುವುದಕ್ಕಿಂತ, ಹಣ್ಣು ಅಥವಾ ಬೀಜ ತುಂಬಿದ ಪೊದೆಯೊಂದನ್ನು ಆರಿಸಿಕೊಂಡು, ಬಿಸಿಲನ್ನು ಬೆನ್ನಿಗೆ ಮಾಡಿ, ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತಿರುವುದು ಮೇಲು. ದುರ್ಬೀನನ್ನು ಆಗಾಗ ಎತ್ತದೆ ಬರಿಗಣ್ಣಿನಿಂದ ಇಡೀ ಪೊದೆಯನ್ನು ನೋಡುತ್ತಿರಬೇಕು. ಉದುರುವ ಸಿಪ್ಪೆ, ಗಾಳಿಯಿಲ್ಲದಾಗಲೂ ಅಲುಗುವ ಒಂದು ರೆಂಬೆ, ಇವೇ ಮೊದಲ ಸೂಚನೆಗಳು. ಕಿವಿಗೂ ಕೆಲಸವುಂಟು: ಪ್ರಶ್ನೆ ಕೇಳಿದಂತೆ ಕೊನೆಯಲ್ಲಿ ಏರುವ, ಮೃದುವಾದ ‘ಟೂಯಿ?’ ಎಂಬ ಸಿಳ್ಳು ಇದರ ಕರೆ. ಬೆದರಿದರೆ ಗುಂಪು ಪೊದೆಯಿಂದ ಎದ್ದು ಹತ್ತಿರದ ಮರದ ತುದಿಯಲ್ಲಿ ಕೂರುವುದುಂಟು. ಗುರುತು ಹಿಡಿಯಲು ಆ ಕೆಲವು ಕ್ಷಣಗಳೇ ಸಾಕು. ಧ್ವನಿಮುದ್ರಿತ ಕರೆಯನ್ನು ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದು ಯೋಗ್ಯವಲ್ಲ. ಅದರಿಂದ ಹಕ್ಕಿಗೆ ತೊಂದರೆ. ಅಲ್ಲದೆ ಒಂದು ದಿನ ನುಡಿಸಿ ಇನ್ನೊಂದು ದಿನ ನುಡಿಸದಿದ್ದರೆ ಎರಡು ದಿನಗಳ ಲೆಕ್ಕವನ್ನು ಹೋಲಿಸುವಂತಿಲ್ಲ.

ಕಂದು ಹಕ್ಕಿಯನ್ನು ಗುರುತಿಸಲು ನಾಲ್ಕು ಲಕ್ಷಣಗಳನ್ನು ನೆನಪಿಡಬೇಕು: ದುಂಡಾದ ದಪ್ಪ ಕೊಕ್ಕು, ಪಟ್ಟೆಗಳಿಲ್ಲದ ಸಾದಾ ಮುಖದಲ್ಲಿ ಮಣಿಯಂತೆ ಎದ್ದು ಕಾಣುವ ಕಪ್ಪು ಕಣ್ಣು, ಎದೆಯ ಗೀರುಗಳು, ರೆಕ್ಕೆಯ ಮೇಲೆ ಎರಡು ತಿಳಿಗೆರೆಗಳು. ಹೆಣ್ಣು ಮನೆಗುಬ್ಬಿಗೆ ಕಣ್ಣಿನ ಹಿಂದೆ ತಿಳಿಪಟ್ಟೆಯುಂಟು, ಎದೆಯಲ್ಲಿ ಗೀರಿಲ್ಲ. ಹೆಣ್ಣು ಗೀಜಗಕ್ಕೆ ಹುಬ್ಬಿನಂತಹ ತಿಳಿಗೆರೆಯೂ ಮೋಟು ಬಾಲವೂ ಇವೆ. ಒಣಗಾಡಿನ ಹಳದಿಗತ್ತಿನ ಗುಬ್ಬಿಗೆ ರೆಕ್ಕೆಯಲ್ಲಿ ತಿಳಿಗೆರೆಗಳಿದ್ದರೂ ಎದೆ ಸಾದಾ, ಕೊಕ್ಕು ತೆಳು. ಮರಗಳ ನಡುವೆ ಚಳಿಗಾಲದಲ್ಲಿ ಕಾಣುವ ಪಿಪಿಟ್ ಹಕ್ಕಿಗಳಿಗೆ ಎದೆಯ ತುಂಬ ಗೀರಿದ್ದರೂ ಕೊಕ್ಕು ಸೂಜಿಯಂತಹುದು. ಅವು ನೆಲದ ಮೇಲೆ ನಡೆದು ಮೇಯುತ್ತವೆ. ಕೆಂಪು ಗಂಡನ್ನು ಕೆಂಪು ರಾಟವಾಳದೊಡನೆ ಹೋಲಿಸಿದರೆ, ಎರಡನೆಯದು ಬಹಳ ಚಿಕ್ಕದು. ಅದರ ಮೈಮೇಲೆ ಬಿಳಿಯ ಚುಕ್ಕೆಗಳಿವೆ. ಅದು ಹುಲ್ಲು ಜೊಂಡುಗಳ ಹಕ್ಕಿ.

‘ಕಾಣಲಿಲ್ಲ’ ಎಂಬುದರ ಬೆಲೆ

ಇಷ್ಟೆಲ್ಲ ಎಚ್ಚರಿಕೆ ವಹಿಸಿಯೂ ಹಕ್ಕಿ ಕಾಣದಿರಬಹುದು. ಆಗ ಏನು ಹೇಳಬಹುದು? ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಹಕ್ಕಿ ಒಂದು ಸ್ಥಳದಲ್ಲಿ ನಿಜವಾಗಿಯೂ ಇದ್ದಾಗ, ಒಂದು ಭೇಟಿಯಲ್ಲಿ ಅದು ಕಣ್ಣಿಗೆ ಬೀಳುವ ಸಂಭಾವ್ಯತೆ ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಒಂದು ಭೇಟಿಯಲ್ಲಿ ಅದು ತಪ್ಪಿಹೋಗುವ ಸಂಭಾವ್ಯತೆ ಶೇಕಡ 75. ಪರಸ್ಪರ ಪ್ರಭಾವವಿಲ್ಲದ ಎರಡು ಭೇಟಿಗಳಲ್ಲಿಯೂ ತಪ್ಪುವುದು 75ರಲ್ಲಿ ಮತ್ತೆ ಮುಕ್ಕಾಲು ಭಾಗ, ಅಂದರೆ ಸುಮಾರು ಶೇಕಡ 56. ನಾಲ್ಕು ಭೇಟಿಗಳಿಗೆ ಅದು ಸುಮಾರು 32ಕ್ಕೂ, ಎಂಟಕ್ಕೆ 10ಕ್ಕೂ, ಹನ್ನೊಂದಕ್ಕೆ 4ಕ್ಕೂ ಇಳಿಯುತ್ತದೆ. ಒಂದು ಭಾನುವಾರ ಬೆಳಗ್ಗೆ ಹೋಗಿಬಂದು ‘ಚಾಮುಂಡಿಬೆಟ್ಟದಲ್ಲಿ ಗುಲಾಬಿಚಟಕ ಇಲ್ಲ’ ಎನ್ನುವವನ ಮಾತಿಗೂ, ಹನ್ನೊಂದು ಬಾರಿ ಹೋಗಿ ಅದೇ ಮಾತನ್ನು ಹೇಳುವವನ ಮಾತಿಗೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ. ಕಾಣುವ ಸಂಭಾವ್ಯತೆ ಎರಡರಲ್ಲಿ ಒಂದಾಗಿದ್ದರೆ ಐದೇ ಭೇಟಿಗಳು ಸಾಕಾಗುತ್ತಿದ್ದವು. ಸರಿಯಾದ ಕಾಲ, ಸರಿಯಾದ ಪೊದೆ, ತಾಳ್ಮೆ ಇವುಗಳ ಪ್ರಯೋಜನ ಹಕ್ಕಿಯನ್ನು ಕಾಣುವುದರಲ್ಲಿ ಮಾತ್ರವಲ್ಲ, ಕಾಣದಿರುವಿಕೆಗೆ ಬೆಲೆ ತರುವುದರಲ್ಲಿಯೂ ಇದೆ.

ಈ ಸಂಭಾವ್ಯತೆಯನ್ನು ತಿಳಿಯುವುದು ಹೇಗೆ? ಹತ್ತಾರು ಸ್ಥಳಗಳಿಗೆ ಒಂದೇ ರೀತಿಯಲ್ಲಿ ಮರುಮರಳಿ ಹೋಗಿ, ಕಂಡ ದಿನಕ್ಕೆ 1, ಕಾಣದ ದಿನಕ್ಕೆ 0 ಎಂದು ಬರೆಯಬೇಕು. ಒಂದು ಸ್ಥಳದ ಸಾಲು 0, 1, 0, 0 ಎಂದಿದ್ದರೆ, ಹಕ್ಕಿ ಆ ಅವಧಿಯುದ್ದಕ್ಕೂ ಅಲ್ಲಿಯೇ ಇತ್ತೆಂದು ಭಾವಿಸಬಹುದಾದ ಪಕ್ಷದಲ್ಲಿ, ಮೂರು ಸೊನ್ನೆಗಳೂ ಹಕ್ಕಿಯ ಅಭಾವವಲ್ಲ, ನೋಟದ ಕೊರತೆ. ಮೊದಲ ದರ್ಶನದ ಅನಂತರದ ಭೇಟಿಗಳನ್ನು ಮಾತ್ರ ಎಲ್ಲ ಸ್ಥಳಗಳಿಂದಲೂ ಕೂಡಿಸಿ, ಅವುಗಳಲ್ಲಿ ಎಷ್ಟರಲ್ಲಿ ಹಕ್ಕಿ ಮತ್ತೆ ಕಂಡಿತೆಂದು ಎಣಿಸಿದರೆ ಸಂಭಾವ್ಯತೆಯ ಸ್ಥೂಲ ಅಂದಾಜು ದೊರೆಯುತ್ತದೆ. ಗುಲಾಬಿಚಟಕ ಅಲೆಮಾರಿಯಾದ್ದರಿಂದ ಭೇಟಿಗಳನ್ನು ಎರಡು ಮೂರು ವಾರಗಳೊಳಗೆ ಮುಗಿಸುವುದು ಅವಶ್ಯ. 2002ರಲ್ಲಿ ಡ್ಯಾರಿಲ್ ಮೆಕೆಂಜಿ ಮತ್ತು ಸಂಗಡಿಗರು ಇಂತಹ ಸಾಲುಗಳಿಂದ ಪ್ರಾಣಿಗಳ ಇರವನ್ನು ಅಂದಾಜು ಮಾಡುವ ಗಣಿತ ವಿಧಾನವನ್ನು ಪ್ರಕಟಿಸಿದರು. ಅದು ಇಂದು ಲೋಕದಾದ್ಯಂತ ಬಳಕೆಯಲ್ಲಿದೆ. ಇದಕ್ಕೆ ಹತ್ತಿರವಾದ ತರ್ಕ ಮೈಸೂರಿಗೆ ಹೊಸದೂ ಅಲ್ಲ. ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಕ್ಯಾಮರಾದಲ್ಲಿ ಮರಳಿಮರಳಿ ಸಿಕ್ಕಿದ ಹುಲಿಗಳ ಪಟ್ಟೆಗಳಿಂದ ಸಿಗದ ಹುಲಿಗಳ ಸಂಖ್ಯೆಯನ್ನೂ ಅಂದಾಜು ಮಾಡಿ, 1995ರಲ್ಲಿ ಆ ಫಲಿತಾಂಶವನ್ನು ಪ್ರಕಟಿಸಿದರು.

ದಾಖಲೆ ಮತ್ತು ಹೊಣೆ

ಮೈಸೂರು ಸಂಸ್ಥಾನದ ಹಕ್ಕಿಗಳ ವ್ಯವಸ್ಥಿತ ಸಮೀಕ್ಷೆಯನ್ನು ಸಲೀಂ ಅಲಿಯವರು 1939-40ರಲ್ಲಿ ನಡೆಸಿದರು. ಅದರ ವರದಿ 1942-43ರಲ್ಲಿ ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಯಾವ ಹಕ್ಕಿ ಎಲ್ಲಿ ದೊರೆಯಿತೆಂಬುದಕ್ಕೆ ಅದು ಇಂದಿಗೂ ಅಮೂಲ್ಯ ಆಧಾರ. ಆದರೆ ಅಂತಹ ವರದಿಯಲ್ಲಿ ಒಂದು ಸ್ಥಳದ ಕೆಳಗೆ ಒಂದು ಹಕ್ಕಿಯ ಹೆಸರಿಲ್ಲದಿದ್ದರೆ, ಹಕ್ಕಿಯೇ ಇರಲಿಲ್ಲವೋ ಕಣ್ಣಿಗೆ ಬೀಳಲಿಲ್ಲವೋ ಎಂದು ಬರಿಯ ಪಟ್ಟಿಯಿಂದ ನಿರ್ಣಯಿಸಲಾಗದು. ಹಕ್ಕಿಗಳ ಪಟ್ಟಿಗಳೆಲ್ಲಕ್ಕೂ ಈ ಮಿತಿ ಉಂಟು. 2014ರಿಂದ 2016ರವರೆಗೆ ಮೈಸೂರಿನ ಹವ್ಯಾಸಿ ವೀಕ್ಷಕರು ನಗರವನ್ನು ಚೌಕಗಳಾಗಿ ವಿಭಾಗಿಸಿ ನಡೆಸಿದ ಪಕ್ಷಿ ಭೂಪಟದ ಕಾರ್ಯ ಈ ದೃಷ್ಟಿಯಿಂದ ಮುಖ್ಯವಾದುದು: ಎಲ್ಲಿ ನೋಡಲಾಯಿತೆಂಬುದು ತಿಳಿದಿರುವಲ್ಲಿ, ಏನು ಕಾಣಲಿಲ್ಲವೆಂಬುದೂ ಮಾಹಿತಿಯಾಗುತ್ತದೆ. 2002ರಲ್ಲಿ ಆರಂಭವಾದ ಈಬರ್ಡ್ ಸಂಗ್ರಹವೂ ವೀಕ್ಷಕನನ್ನು ‘ಗುರುತಿಸಿದ ಹಕ್ಕಿಗಳೆಲ್ಲವನ್ನೂ ಬರೆದಿರುವಿರಾ?’ ಎಂದು ಕೇಳುವುದು ಇದೇ ಕಾರಣಕ್ಕೆ.

ಆದಕಾರಣ ಕಾಲೇಜುಗಳ ಅಧ್ಯಾಪಕರಿಗೆ ಒಂದು ಸೂಚನೆ. ಪ್ರತಿ ವರ್ಷ ಜನವರಿಯಲ್ಲಿ ಹತ್ತು ನಿಶ್ಚಿತ ಸ್ಥಳಗಳಿಗೆ ವಿದ್ಯಾರ್ಥಿಗಳ ತಂಡಗಳನ್ನು ತಲಾ ನಾಲ್ಕು ಬಾರಿ ಕಳುಹಿಸಬಹುದು. ದಿನಾಂಕ, ಆರಂಭ ಮುಕ್ತಾಯದ ವೇಳೆ, ಸ್ಥಳ, ಮೋಡ ಗಾಳಿಗಳ ಸ್ಥಿತಿ, ಲಂಟಾನ ಅಥವಾ ಆಲದ ಹಣ್ಣಿನ ಪ್ರಮಾಣ, ವೀಕ್ಷಕರ ಸಂಖ್ಯೆ, ಕಂಡ ಹಕ್ಕಿಗಳ ಸಂಖ್ಯೆ, ಇಷ್ಟನ್ನು ಒಂದು ಹಾಳೆಯಲ್ಲಿ ತುಂಬಿದರೆ ಸಾಕು. ಏನೂ ಕಾಣದ ದಿನದ ಹಾಳೆಯನ್ನು ಎಸೆಯದೆ, ಸೊನ್ನೆಯನ್ನು ಬರೆದು, ಉಳಿದವುಗಳೊಡನೆಯೇ ಕಾಪಾಡುವುದು ಮುಖ್ಯ. ಕಂಡ ದಿನವನ್ನು ಸಂತೋಷದಿಂದ ಬರೆದು, ಕಾಣದ ದಿನವನ್ನು ಬೇಸರದಿಂದ ಬಿಟ್ಟರೆ, ಹಕ್ಕಿ ಕಡಮೆಯಾಗುತ್ತಿರುವ ವರ್ಷಗಳಲ್ಲಿಯೂ ನಮ್ಮ ಕಡತ ತುಂಬಿದಂತೆಯೇ ತೋರುತ್ತದೆ. ನಗರ ಬೆಳೆಯುತ್ತಿದೆ, ಬೆಟ್ಟದ ಬುಡದ ಕುರುಚಲು ಕಿರಿದಾಗುತ್ತಿದೆ, ಕಾಡಿನ ತಳದ ಗಿಡಗಳು ಬದಲಾಗುತ್ತಿವೆ. ಇವುಗಳ ಪರಿಣಾಮವೇನೆಂದು ಮುಂದಿನ ಪೀಳಿಗೆಯವರು ಕೇಳಿದಾಗ ಉತ್ತರ ದೊರೆಯಬೇಕಾದುದು ಇಂದಿನ ಹಾಳೆಗಳಿಂದ. ಅವುಗಳಲ್ಲಿ ಪ್ರಾಮಾಣಿಕವಾಗಿ ಬರೆದ ಸೊನ್ನೆಗೆ ಕೆಂಪು ಹಕ್ಕಿಯ ದರ್ಶನದಷ್ಟೇ ಸ್ಥಾನವಿದೆ.